ನಿಂತ ಮದುವೆಯ ಪಾತ್ರೆಗಳು

ಸಿಂಚನಾ, ತನ್ಮಯ, ಹೋದ ಭಾನುವಾರ ಊಟಕ್ಕೆ ಕೂತಾಗ ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ನಾನು ಸಾರಿನ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ. "ಅಜ್ಜಿ, ಆಫೀಸಲ್ಲಿ ನೀನು ಕರೆಕ್ಟಾಗಿ ಏನ್ ಮಾಡ್ತಿದ್ದೆ?" ಎಂದು ಸಿಂಚನಾ ಕೇಳಿದಳು. "ಕಂಪ್ಯೂಟರ್ ಒರೆಸ್ತಿದ್ಳು ಕಣೇ" ಎಂದು ತನ್ಮಯ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಲ್ಕು ಜನರ ಎದುರು ನನ್ನ ವಿಷಯ ನಾನೇ ಹೇಳಿಕೊಳ್ಳುವುದು ನನಗೆ ಇವತ್ತಿಗೂ ಬರುವುದಿಲ್ಲ. ಆದರೆ ಸಿಂಚನಾ ಮುಂದಿನ ತಿಂಗಳು ಟೆಸ್ಟಿಂಗ್ ಕೆಲಸಕ್ಕೇ ಸೇರುತ್ತಿದ್ದಾಳೆ. ಅವಳಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಒರೆಸಿದ್ದೂ ನಿಜ ಮಗಾ. ಅದರಿಂದಲೇ ಶುರುವಾಗಿದ್ದು.

ನಿಮ್ಮ ತಾತ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಪೆಟ್ಟಿಗೆಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಹೈಸ್ಕೂಲಿನಲ್ಲಿದ್ದ. ಕಂಪನಿಯವರು ನನ್ನನ್ನು ಕರೆದು ಪ್ಯಾಕಿಂಗ್ ವಿಭಾಗಕ್ಕೆ ಸೇರಿಸಿಕೊಂಡರು. ನಮ್ಮ ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಹೆಗ್ಗನಹಳ್ಳಿಯಿಂದ ಬಸ್ಸು ಹತ್ತಿ, ಹೋಗಿ, ಪೆಟ್ಟಿಗೆ ಒರೆಸಿ, ಥರ್ಮೋಕೋಲಿನಲ್ಲಿಟ್ಟು ಕಟ್ಟಬೇಕಾಗಿತ್ತು.

ಆ ಪೆಟ್ಟಿಗೆಯ ಬಗ್ಗೆ ಮೊದಲು ಹೇಳುತ್ತೇನೆ. ಆಸ್ಪತ್ರೆಗಳಲ್ಲಿ ರಕ್ತದ ಚೀಲಗಳನ್ನು ಇಡುವ ಫ್ರಿಜ್ ಇರುತ್ತದೆ. ಅದರೊಳಗೆ ಎಷ್ಟು ತಣ್ಣಗಿದೆ ಎಂದು ನಮ್ಮ ಪೆಟ್ಟಿಗೆ ಹಗಲೂ ರಾತ್ರಿ ನೋಡುತ್ತಾ, ಪರದೆಯ ಮೇಲೆ ತೋರಿಸುತ್ತಾ, ಬರೆದಿಟ್ಟುಕೊಳ್ಳುತ್ತಿತ್ತು. ಬಿಸಿಯಾದರೆ ಕೂಗಿಕೊಳ್ಳುತ್ತಿತ್ತು. ಬರೆದಿಟ್ಟಿದ್ದನ್ನು ಪೆನ್ ಡ್ರೈವಿನಲ್ಲಿ ಇಳಿಸಿಕೊಳ್ಳಬಹುದಾಗಿತ್ತು. ಅಷ್ಟೇ. ಅಂಗೈಗಿಂತ ಸ್ವಲ್ಪ ದೊಡ್ಡದು, ಆದರೆ ಒಳಗೆ ಒಂದು ಪೂರ್ತಿ ಕಂಪ್ಯೂಟರ್.

ಟೆಸ್ಟಿಂಗಿನ ಮುಖ್ಯಸ್ಥರು ಶ್ರೀಕಂಠಯ್ಯ. ಹಣೆಗೆ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್. ಒಂದು ದಿನ ನಾನು ಒರೆಸುತ್ತಿದ್ದ ಪೆಟ್ಟಿಗೆಯ ಎರಡು ಗುಂಡಿಗಳು ನನ್ನ ಹೆಬ್ಬೆರಳಿಗೆ ಒಟ್ಟಿಗೆ ಒತ್ತಿಹೋದವು. ಪರದೆ ಕಪ್ಪಾಯಿತು. ಏನು ಮಾಡಿದರೂ ಬರಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ. ಯಾರಿಗೂ ಹೇಳದೆ ಅದನ್ನು ರಾಶಿಯ ಕೆಳಗೆ ತಳ್ಳಿ, ಮೇಲೆ ನಾಲ್ಕು ಪೆಟ್ಟಿಗೆ ಇಟ್ಟೆ. ಮೂರನೆಯ ದಿನ ಅದು ಶ್ರೀಕಂಠಯ್ಯನವರ ಕೈಗೆ ಸಿಕ್ಕಿತು.

"ನಂಜಮ್ಮನೋರೇ, ಇದೇನು ಮಾಡಿದ್ರಿ?"

ಅಳುತ್ತಲೇ ಹೇಳಿದೆ. ಅವರು ಬೇರೆ ಪೆಟ್ಟಿಗೆ ತೆಗೆದುಕೊಂಡು ಅದೇ ಎರಡು ಗುಂಡಿ ಒಟ್ಟಿಗೆ ಒತ್ತಿದರು. ಅದೂ ಕಪ್ಪಾಯಿತು. ಇನ್ನೊಂದು, ಅದೂ ಕಪ್ಪು. ಅವರ ಮುಖ ಅರಳಿತು.

"ಅಲ್ರಮ್ಮಾ, ಓದಿದ ಮೂರು ಜನ ಇಲ್ಲಿ ಆರು ತಿಂಗಳಿಂದ ಒತ್ತುತಾ ಇದಾರೆ. ಒಬ್ಬರಿಗೂ ಸಿಕ್ಕಿರಲಿಲ್ಲ. ಇದನ್ನ ಹೋಗಿ ಬಚ್ಚಿಟ್ರಲ್ಲಾ!"

ಮರುವಾರ ನನ್ನನ್ನು ಟೆಸ್ಟಿಂಗ್ ಮೇಜಿಗೆ ಕೂರಿಸಿದರು. ಅವರು ಹೇಳಿಕೊಟ್ಟ ಪಾಠ ಒಂದೇ. "ಸರಿಯಾಗಿದೆ ಅಂತ ತೋರಿಸೋಕೆ ಇಲ್ಲಿ ಎಲ್ಲರೂ ಇದಾರೆ. ನಿಮ್ಮ ಕೆಲಸ ಕೆಡಿಸೋದು. ಕೆಟ್ಟ ಮೇಲೆ ಹೇಳೋದು."

ಕೆಡಿಸುವುದು ನನಗೆ ಬೇಗ ಬಂತು. ಹೇಳುವುದು ಬರಲು ವರ್ಷಗಳೇ ಹಿಡಿದವು.

ಶ್ರೀಕಂಠಯ್ಯನವರ ಕಾಲದಲ್ಲಿ ನೀಲಿ ರಟ್ಟಿನ ರಿಜಿಸ್ಟರ್ ಇತ್ತು. ನಾನು ಕನ್ನಡದಲ್ಲೇ ಬರೆಯುತ್ತಿದ್ದೆ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಅವರು ನಿವೃತ್ತರಾದ ಮೇಲೆ ಪ್ರಕಾಶ್ ಸಾರ್ ಮ್ಯಾನೇಜರ್ ಆಗಿ ಬಂದು, ರಿಜಿಸ್ಟರ್ ತೆಗೆಸಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದರು, ಇಂಗ್ಲಿಷಿನಲ್ಲಿ. ಮೊದಲ ವಾರ ನಾನು ಒಂದು ದೋಷಕ್ಕೆ ಬರೆದ ವಾಕ್ಯ ಓದಿ ಹುಡುಗರು ಊಟದ ಹೊತ್ತಿನಲ್ಲಿ ನಕ್ಕಿದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ನಾನು ಕನ್ನಡದಲ್ಲಿ ಬರೆದುಕೊಡುತ್ತಿದ್ದೆ, ದಿವ್ಯಾ ಟೈಪ್ ಮಾಡುತ್ತಿದ್ದಳು. ದಿವ್ಯಾ ಬಸವೇಶ್ವರನಗರದ ಹುಡುಗಿ, ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುವವಳು. ಅವಳ ತಪ್ಪನ್ನು ನಾನು ಹುಡುಕಿದಷ್ಟೂ ಅವಳಿಗೆ ನನ್ನ ಮೇಲೆ ಪ್ರೀತಿ ಹೆಚ್ಚುತ್ತಿತ್ತು. ಅಂಥವರು ಅಪರೂಪ ಸಿಂಚನಾ, ಸಿಕ್ಕರೆ ಬಿಡಬೇಡ. ಈಗ ಯಂತ್ರವೇ ಯಂತ್ರವನ್ನು ಪರೀಕ್ಷೆ ಮಾಡುತ್ತದಂತೆ. ಮಾಡಲಿ, ಒಳ್ಳೆಯದೇ. ಆದರೆ ರಿಜಿಸ್ಟರ್ ಇರಲಿ, ಕಂಪ್ಯೂಟರ್ ಇರಲಿ, ಬರೆಯಬೇಕಾದ್ದು ಆ ಮೂರೇ ಸಾಲು.

ಈಗ ಬಸವರಾಜು ವಿಷಯಕ್ಕೆ ಬರುತ್ತೇನೆ.

ಬಸವರಾಜು ಹಾವೇರಿ ಕಡೆಯವನು. ಕೆಂಗೇರಿಯಲ್ಲಿ ಮನೆ ಮಾಡಿಕೊಂಡಿದ್ದ. ಮದುವೆಯಾಗಿ ಒಂದು ವರ್ಷ, ಹೆಂಡತಿ ತುಂಬು ಗರ್ಭಿಣಿ. ಬೈಕಿನಲ್ಲಿ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ನಮ್ಮ ಪೆಟ್ಟಿಗೆಗಳನ್ನು ನೋಡಿಬರುವುದು ಅವನ ಕೆಲಸ. ಒಂದು ಬುಧವಾರ ಮಧ್ಯಾಹ್ನ ಅವನು ಗೇಟಿನ ಹತ್ತಿರದ ಮೆಟ್ಟಿಲ ಮೇಲೆ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಊಟ ಆಯ್ತಾ ಬಸವರಾಜು?"

"ಎಲ್ಲೀ ಊಟಾರಿ ಅಕ್ಕಾರ. ಸೋಮವಾರ ನನ್ನ ಮನಿಗೆ ಕಳಸ್ತಾರಂತ್ರಿ."

ಆದದ್ದು ಇಷ್ಟು. ಒಂದು ಆಸ್ಪತ್ರೆಯಲ್ಲಿ ಫ್ರಿಜ್ ಕೆಟ್ಟು ಬಿಸಿಯಾಗಿತ್ತು. ನಮ್ಮ ಪೆಟ್ಟಿಗೆ ಕೂಗಿರಲಿಲ್ಲ. ಅಷ್ಟೇ ಅಲ್ಲ, ಅದರ ಪರದೆಯ ಮೇಲೆ ನಾಲ್ಕು ಡಿಗ್ರಿ ಎಂದೇ ಇತ್ತು. ನರ್ಸುಗಳು ಬಂದು ನೋಡಿ, ನಾಲ್ಕು ಇದೆಯಲ್ಲ ಎಂದು ನೆಮ್ಮದಿಯಿಂದ ಹೋಗಿದ್ದರು. ಪೆಟ್ಟಿಗೆ ಯಾವಾಗಲೋ ಸ್ತಬ್ಧವಾಗಿ, ಹಳೆಯ ಅಂಕಿಯನ್ನು ಹಿಡಿದುಕೊಂಡು ನಿಂತಿತ್ತು. ಪುಣ್ಯಕ್ಕೆ ಬಳಸುವ ಮೊದಲೇ ಗೊತ್ತಾಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಜನ ಕೊಟ್ಟ ರಕ್ತವನ್ನೆಲ್ಲ ಚೆಲ್ಲಬೇಕಾಯಿತು. ಪೆಟ್ಟಿಗೆ ನಮ್ಮಲ್ಲಿ ಯಾವತ್ತೂ ಹಾಗೆ ನಿಂತಿರಲಿಲ್ಲ. ಆದ್ದರಿಂದ ಬಸವರಾಜು ಏನೋ ಎಡವಟ್ಟು ಮಾಡಿದ್ದಾನೆ ಎಂದು ಪ್ರಕಾಶ್ ಸಾರ್ ತೀರ್ಮಾನ ಮಾಡಿದ್ದರು.

"ನಾ ಏನೂ ಮಾಡಿಲ್ರಿ. ಇದ್ದಿದ್ದು ಇಳಿಸ್ಕೊಂಡು ಬಂದೇನಿ. ಹೊಟ್ಟಿಯಾಗಿನ ಕೂಸಿನ ಮ್ಯಾಲ ಆಣಿರಿ."

"ಆಣೆಗೀಣೆ ಬೇಡ. ಪೆಟ್ಟಿಗೆಗೆ ಏನಾದ್ರೂ ಸಿಕ್ಕಿಸಿತ್ತಾ?"

ಸ್ವಲ್ಪ ಯೋಚಿಸಿದ. "ಆಸ್ಪತ್ರಿಯವರ್ದ ಒಂದು ಪೆನ್ ಡ್ರೈವ್ ಇತ್ರಿ. ಕೆಟ್ಟಿತ್ತು, ಓದತಿರಲಿಲ್ಲ. ಇರ್ಲಿ ಬಿಡು ಅಂದ್ರು, ಹಂಗ ಬಿಟ್ಟೆ. ಪೆಟ್ಟಿಗಿ ನಿಂತ ಮ್ಯಾಲ ತಗದು ತಂದೇನಿ, ಇಲ್ಲೇ ಐತಿ." ಬ್ಯಾಗಿನಿಂದ ತೆಗೆದು ಕೊಟ್ಟ.

ನನ್ನ ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು ಉಳಿದಿತ್ತು. ಡಬ್ಬಿಯನ್ನೇ ಅವನ ಕೈಗಿಟ್ಟು, ಪೆನ್ ಡ್ರೈವನ್ನು ಹಿಡಿದುಕೊಂಡು ಒಳಗೆ ಹೋದೆ.

ದಿವ್ಯಾ ಅದನ್ನು ಮೇಜಿನ ಮೇಲಿದ್ದ ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯಲ್ಲಿ ಎಷ್ಟು ಮೆಮೊರಿ ಖಾಲಿ ಇದೆ ಎಂದು ತೋರಿಸುವ ಅಂಕಿಯನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದಿಟ್ಟಳು. ಮೆಮೊರಿ ಅಂದರೆ ಯಂತ್ರ ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ. ನಮ್ಮ ಪೆಟ್ಟಿಗೆಯಲ್ಲಿ ಅದು ಬಹಳ ಕಡಿಮೆ. ಪೆಟ್ಟಿಗೆ ಅರ್ಧ ನಿಮಿಷಕ್ಕೊಮ್ಮೆ ಆ ಕೆಟ್ಟ ಡ್ರೈವನ್ನು ಓದಲು ನೋಡುತ್ತಿತ್ತು, ಆಗದೆ ಬಿಡುತ್ತಿತ್ತು. ಪ್ರತಿ ಸಲವೂ ಅಂಕಿ ಒಂದು ಚೂರು ಇಳಿಯುತ್ತಿತ್ತು. ಮತ್ತೆ ಏರುತ್ತಲೇ ಇರಲಿಲ್ಲ.

"ಆಂಟಿ, ಲೀಕು! ಮೆಮೊರಿ ಲೀಕು!" ಎಂದು ದಿವ್ಯಾ ಕುರ್ಚಿಯಿಂದ ಎದ್ದಳು. "ಹೀಗೇ ಹೋದ್ರೆ ನಾಲ್ಕೈದು ದಿನಕ್ಕೆ ಬಾಕ್ಸ್ ಸತ್ತೇ ಹೋಗುತ್ತೆ."

ನಾನು ಪೆಟ್ಟಿಗೆ ಎತ್ತಿ ಕೆಳಗೆ ನೋಡಿದೆ. ಲೀಕು ಎಂದಮೇಲೆ ಎಲ್ಲಾದರೂ ತೊಟ್ಟಿಕ್ಕಬೇಕಲ್ಲ ಎಂಬ ನನ್ನ ಹಳ್ಳಿಬುದ್ಧಿ. ದಿವ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು:

"ಆದ್ರೆ ಆಂಟಿ, ಕೆಟ್ಟ ಪೆನ್ ಡ್ರೈವ್ ಹಾಕಿ ನೀವೇ ಎಷ್ಟು ಸಲ ಟೆಸ್ಟ್ ಮಾಡಿದೀರ. ವಾರಗಟ್ಟಲೆ ಮಾಡಿದೀರ. ಒಂದು ದಿನಾನೂ ಯಾಕೆ ಹ್ಯಾಂಗ್ ಆಗ್ಲಿಲ್ಲ?"

ಅವಳು ಕೇಳಿ ಮುಗಿಸುವಷ್ಟರಲ್ಲಿ ನನಗೆ ಉತ್ತರ ಹೊಳೆದುಹೋಗಿತ್ತು. ನನ್ನ ಕಣ್ಣು ಗೋಡೆಯ ಸ್ವಿಚ್ಚಿನ ಕಡೆ ಹೋಯಿತು.

ನಮ್ಮ ಊರಲ್ಲಿ ನಮಗೆ ಕಲಿಸಿದ್ದು, ಮನೆ ಬಿಡುವ ಮೊದಲು ದೀಪ ಆರಿಸು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ನೋಡಿದರೆ ನನಗೆ ಇವತ್ತಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಟೆಸ್ಟಿಂಗ್ ಮೇಜಿನಿಂದ ಸಂಜೆ ಕೊನೆಗೆ ಏಳುತ್ತಿದ್ದವಳು ನಾನು. ಸೆರಗು ಸಿಕ್ಕಿಸಿಕೊಂಡು, ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆ ಮಾಡಿ, ಎಲ್ಲ ಪೆಟ್ಟಿಗೆಗಳೂ ಆರಿದವೇ ಎಂದು ನೋಡಿ ಹೊರಡುತ್ತಿದ್ದೆ. ಬೆಳಿಗ್ಗೆ ಬಂದು ಹಾಕುತ್ತಿದ್ದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನದೇ ಶಿಸ್ತು. ಪ್ರಕಾಶ್ ಸಾರ್ ಒಮ್ಮೆ ಎಲ್ಲರ ಎದುರು, "ಕರೆಂಟ್ ಉಳಿಸೋದು ನಂಜಮ್ಮನೋರನ್ನ ನೋಡಿ ಕಲೀರಿ" ಎಂದಿದ್ದರು. ಅದನ್ನು ಮನೆಗೆ ಬಂದು ನಿಮ್ಮ ಅಪ್ಪನಿಗೆ ಹೇಳಿ ಬೀಗಿದ್ದೆ.

ಆರಿಸಿ ಹಾಕಿದರೆ ಯಂತ್ರದ ಜಾಗವೆಲ್ಲ ಮತ್ತೆ ಖಾಲಿಯಾಗುತ್ತದೆ. ಹೊಸ ಲೆಕ್ಕ, ಹೊಸ ದಿನ. ಆಸ್ಪತ್ರೆಯಲ್ಲಿ ನಾಲ್ಕೈದು ದಿನಕ್ಕೆ ಸಾಯುವ ಪೆಟ್ಟಿಗೆಯನ್ನು ನಾನು ದಿನಾ ಸಂಜೆ ಆರಿಸಿ, ಬೆಳಿಗ್ಗೆ ಬದುಕಿಸಿ, "ಸರಿಯಾಗಿದೆ" ಎಂದು ಬರೆದುಕೊಟ್ಟಿದ್ದೆ.

ಇದು ಗೊತ್ತಿದ್ದವಳು ನಾನೊಬ್ಬಳೇ. ಲೀಕು ಸಿಕ್ಕಿತು ಎಂದು ಮಾತ್ರ ಹೇಳಿ ಸುಮ್ಮನಿದ್ದರೆ ಬಸವರಾಜು ಉಳಿಯುತ್ತಿದ್ದನೇನೋ. ಆದರೆ ಪ್ರಕಾಶ್ ಸಾರ್ ದಿವ್ಯಾ ಕೇಳಿದ್ದನ್ನೇ ಕೇಳುತ್ತಿದ್ದರು: ಹಾಗಿದ್ದರೆ ನಮ್ಮಲ್ಲಿ ಯಾಕೆ ಆಗಲಿಲ್ಲ? ಅದಕ್ಕೆ ಉತ್ತರ ಇಲ್ಲದಿದ್ದರೆ ತಪ್ಪು ಮತ್ತೆ ಅವನ ತಲೆಗೇ ಬರುತ್ತಿತ್ತು.

ಆ ಸಂಜೆ ಸ್ವಿಚ್ಚನ್ನು ಮುಟ್ಟಲಿಲ್ಲ. ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ "ಆರಿಸಬೇಡಿ" ಎಂದು ಬರೆದು ಅದರ ಮೇಲೆ ಅಂಟಿಸಿದೆ. ಗೇಟಿನ ಸೆಕ್ಯುರಿಟಿ ತಾತನಿಗೆ, ಶನಿವಾರ ಬೀಗ ಹಾಕುವಾಗ ಮೇನ್ ಸ್ವಿಚ್ ಆರಿಸಬೇಡಿ ಎಂದು ಮೂರು ಸಲ ಹೇಳಿದೆ. "ಏನಮ್ಮಾ, ದೀಪ ಆರ್ಸೋ ತಾಯಿ ನೀನೇ ಹಿಂಗಂತೀಯ? ಹುಷಾರಿಲ್ವಾ?" ಎಂದು ಅವರು ನನ್ನ ಮುಖ ನೋಡಿದರು.

ಅಷ್ಟರಲ್ಲಿ ದಿವ್ಯಾ ಪೆಟ್ಟಿಗೆಯೊಳಗಿನ ಪ್ರೋಗ್ರಾಮಿನ ಬರಹವನ್ನು ಓದಲು ಕೂತಿದ್ದಳು. ಶುಕ್ರವಾರ ಮಧ್ಯಾಹ್ನ ನನ್ನನ್ನು ಕರೆದು ತೋರಿಸಿದಳು. ತಪ್ಪು ಅವಳು ಬರೆದದ್ದರಲ್ಲಿ ಇರಲಿಲ್ಲ. ಪೆಟ್ಟಿಗೆಯನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನಲ್ಲೇ ಇತ್ತು. ಅದನ್ನು ಲೋಕದ ಎಷ್ಟೋ ಜನ ಸೇರಿ ಬರೆಯುತ್ತಾರೆ, ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು. ಅದರಲ್ಲಿ ಪೆನ್ ಡ್ರೈವಿನಂಥ ಡಿಸ್ಕಿನ ಮೇಲಿನ ಫೈಲುಗಳನ್ನು ಓದುವ, ಜೋಡಿಸುವ ಭಾಗಕ್ಕೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ಡಿಸ್ಕ್ ಸಿಕ್ಕಿಸಿದಾಗ ಅದು ಓದುವುದಕ್ಕೆಂದು ಸ್ವಲ್ಪ ಮೆಮೊರಿ ತೆಗೆದುಕೊಳ್ಳುತ್ತದೆ. ಡಿಸ್ಕ್ ಚೆನ್ನಾಗಿದ್ದರೆ ಕೆಲಸ ಮುಗಿದ ಮೇಲೆ ವಾಪಸ್ ಕೊಡುತ್ತದೆ. ಕೆಟ್ಟಿದ್ದರೆ ನಡುವೆಯೇ "ಆಗಲಿಲ್ಲ" ಎಂದು ಹೇಳಿ ಹೊರಟುಬಿಡುತ್ತದೆ.

"ಹೊರಡೋ ದಾರೀಲಿ ಕೊಡೋದು ಮರೆತುಬಿಟ್ಟಿದಾರೆ ಆಂಟಿ. ಬರೀ ಒಂದು ಸಾಲು."

ಆಗ ನನಗೆ ನಮ್ಮ ಊರಿನ ಒಂದು ಮದುವೆ ನೆನಪಾಯಿತು. ದಿವ್ಯಾಗೆ ಹೇಳಿದೆ. ನಮ್ಮಲ್ಲಿ ಮದುವೆ ಎಂದರೆ ಕೊಳದಪ್ಪಲೆ, ಹಂಡೆ, ಸೌಟು ಎಲ್ಲವನ್ನೂ ಮನೆಮನೆಯಿಂದ ತರುತ್ತಿದ್ದರು. ಮದುವೆ ಚೆನ್ನಾಗಿ ಮುಗಿದರೆ ಮಾರನೆಯ ದಿನ ಹೆಂಗಸರೆಲ್ಲ ಸೇರಿ ತೊಳೆದು, ಹೆಸರು ನೋಡಿ, ಅವರವರ ಮನೆಗೆ ಮುಟ್ಟಿಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮದುವೆ ಧಾರೆಯ ಹೊತ್ತಿಗೆ ನಿಂತುಹೋಯಿತು. ಗಂಡಿನ ಕಡೆಯವರು ಎದ್ದುಹೋದರು, ಹೆಣ್ಣಿನ ಮನೆಯವರು ಬಾಗಿಲು ಹಾಕಿಕೊಂಡರು. ಪಾತ್ರೆಗಳನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಆ ದುಃಖದ ಮನೆಗೆ ಹೋಗಿ ನಮ್ಮ ಹಂಡೆ ಕೊಡಿ ಎನ್ನಲು ಯಾರಿಗೆ ಬಾಯಿ ಬಂದೀತು? ಅವು ಆ ಅಂಗಳದಲ್ಲೇ ಬಿದ್ದಿದ್ದವು. ಅದೇ ತಿಂಗಳು ಊರಲ್ಲಿ ಇನ್ನೊಂದು ಮದುವೆ ಬಂದಾಗ ಅಡುಗೆಗೆ ಒಂದು ಹಂಡೆಯೂ ಇರಲಿಲ್ಲ.

"ಇದು ಸೋರೋದಲ್ಲ ಕಣೇ ದಿವ್ಯಾ. ಹೊರಗೇನೂ ಹೋಗಿಲ್ಲ, ಎಲ್ಲ ಒಳಗೇ ಇದೆ. ನಿಂತ ಮದುವೆಯ ಪಾತ್ರೆ ಇದು."

ದಿವ್ಯಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೆ ಆಂಟಿ, ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ" ಎಂದಳು. ಆ ಮಾತು ನನಗೆ ಯಾವ ಸರ್ಟಿಫಿಕೇಟಿಗಿಂತಲೂ ದೊಡ್ಡದು.

ಆಮೇಲೆ ಅವಳು ಇನ್ನೊಂದು ಹೇಳಿದಳು. ಇದು ಬರೀ ದೋಷವಲ್ಲ, ಬೇಲಿಯಲ್ಲಿ ಕಂಡಿ ಇದ್ದ ಹಾಗೆ. ಕೇಡು ಬಯಸುವವರು ಬೇಕೆಂದೇ ಒಂದು ಪೆನ್ ಡ್ರೈವ್ ಕೆಡಿಸಿ ತಂದು ಸಿಕ್ಕಿಸಿದರೆ, ಇದೇ ಸಿಸ್ಟಮ್ ಇರುವ ಯಾವ ಯಂತ್ರವನ್ನಾದರೂ ಹೀಗೆ ನಿಲ್ಲಿಸಬಹುದು. "ಅದಕ್ಕೇ ಸರಿಪಡಿಸೋವರೆಗೂ ಹೊರಗೆಲ್ಲೂ ಬಾಯಿ ಬಿಡಬಾರದು ಆಂಟಿ." ಬಾಯಿ ಬಿಡದಿರುವ ಕೆಲಸವಾದರೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಹೋದೆ. ಮೇಜಿನ ಮೇಲೆ ಪೆಟ್ಟಿಗೆಯ ಪರದೆ ಬೆಳಗುತ್ತಿತ್ತು. ನಾಲ್ಕು ಡಿಗ್ರಿ ಎಂದು ತೋರಿಸುತ್ತಿತ್ತು. ಪಕ್ಕದಲ್ಲೇ ಗಡಿಯಾರದ ಅಂಕಿ, ಮೂರು ಗಂಟೆ ಹತ್ತು ನಿಮಿಷ, ಭಾನುವಾರ. ನಾನು ನೋಡುತ್ತಿದ್ದದ್ದು ಸೋಮವಾರ ಬೆಳಿಗ್ಗೆ ಎಂಟೂವರೆಗೆ. ಮೇಜಿನ ಪಕ್ಕದ ಸಣ್ಣ ಫ್ರಿಜ್ಜಿನೊಳಗೆ ತಣ್ಣೀರಿನ ಲೋಟದಲ್ಲಿದ್ದ ಅದರ ಮೂತಿಯನ್ನು, ಅಂದರೆ ಶಾಖ ಅಳೆಯುವ ತಂತಿಯ ತುದಿಯನ್ನು, ತೆಗೆದು ಅಂಗೈಯಲ್ಲಿ ಬಿಗಿಯಾಗಿ ಹಿಡಿದೆ. ನೂರು ಎಣಿಸಿದೆ. ಪೆಟ್ಟಿಗೆ ಕೂಗಲಿಲ್ಲ. ನಾಲ್ಕು ಡಿಗ್ರಿ ಎಂದೇ ನಿಂತಿತ್ತು.

ಮೀಟಿಂಗಿನಲ್ಲಿ ಬಸವರಾಜು ಬಾಗಿಲ ಪಕ್ಕ ನಿಂತಿದ್ದ. ಪ್ರಕಾಶ್ ಸಾರ್ ಮುಂದೆ ಅವನನ್ನು ಕೆಲಸದಿಂದ ತೆಗೆಯುವ ಕಾಗದ ಇತ್ತು. ದಿವ್ಯಾ ಲೀಕಿನ ವಿಷಯ ಹೇಳಿದಳು. ಅವರು ಕೇಳಬೇಕಾದ್ದನ್ನೇ ಕೇಳಿದರು.

"ನಮ್ಮಲ್ಲಿ ಇಷ್ಟು ವರ್ಷ ಟೆಸ್ಟ್ ಆಗಿದೆಯಲ್ಲಮ್ಮ. ಇಲ್ಲಿ ಯಾಕೆ ಬರ್ಲಿಲ್ಲ?"

ದಿವ್ಯಾ ನನ್ನ ಕಡೆ ನೋಡಲಿಲ್ಲ. ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ಆದರೆ ಹೇಳಲಿಲ್ಲ. ನಾನು ಎದ್ದು ನಿಂತೆ. ಆ ಕೋಣೆಯಲ್ಲಿ ನಾನು ಎದ್ದು ಮಾತಾಡಿದ್ದು ಅದೇ ಮೊದಲು. ಎರಡು ಕೈಯಲ್ಲೂ ಸೆರಗಿನ ತುದಿ ಹಿಡಿದುಕೊಂಡಿದ್ದೆ.

"ನಾನು ಆರಿಸ್ತಿದ್ದೆ ಸಾರ್. ದಿನಾ ಸಂಜೆ. ಅದಕ್ಕೇ ಬರ್ಲಿಲ್ಲ. ಈ ಸಲ ಆರಿಸ್ಲಿಲ್ಲ, ಬಂತು. ಹೊರಗೆ ಮೇಜಿನ ಮೇಲೆ ಸತ್ತು ಕೂತಿದೆ, ಬಂದು ನೋಡಿ. ಬಸವರಾಜುದು ಇದ್ರಲ್ಲಿ ಏನೂ ಇಲ್ಲ."

"ಅಂದ್ರೆ ತಪ್ಪು ನಿಮ್ದು ಅಂತೀರಾ?"

"ಹೌದು ಸಾರ್."

ಅವರು ಎದ್ದು ಬಂದು ಪೆಟ್ಟಿಗೆ ನೋಡಿದರು. ಮೂತಿಯನ್ನು ತಾವೂ ಅಂಗೈಯಲ್ಲಿ ಹಿಡಿದು ನೋಡಿದರು. ಅದನ್ನು ಲೋಟಕ್ಕೆ ವಾಪಸ್ ಇಟ್ಟು, "ಕರೆಂಟ್ ಉಳಿಸಿ ಅಂತ ಹೊಗಳಿದ್ದು ನಾನೇ ಅಲ್ವಾ" ಎಂದರು. ಒಳಗೆ ಹೋಗಿ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅವರ ಮೇಲೆ ನನಗೆ ಆವರೆಗೆ ಅಷ್ಟೇನೂ ಗೌರವ ಇರಲಿಲ್ಲ. ಅವತ್ತಿನಿಂದ ಇದೆ.

ಸಿಸ್ಟಮ್ ನೋಡಿಕೊಳ್ಳುವವರಿಗೆ ದಿವ್ಯಾ ಗುಟ್ಟಾಗಿ ಬರೆದಳು, ಸರಿಪಡಿಸುವ ಆ ಒಂದು ಸಾಲನ್ನೂ ಕಳಿಸಿದಳು. ಅವರು ಒಪ್ಪಿದರು. ಹೊಸ ಪ್ರೋಗ್ರಾಂ ಹಿಡಿದುಕೊಂಡು ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಎಲ್ಲ ಪೆಟ್ಟಿಗೆಗಳಿಗೂ ಹಾಕಿ ಬಂದವನು ಬಸವರಾಜುವೇ.

ಹಾಗೆ ಕಳಿಸುವಾಗ ದೋಷವನ್ನು ಕಂಡುಹಿಡಿದವರ ಹೆಸರು ಬರೆಯುವ ಪದ್ಧತಿ ಇದೆ. "ನಿನ್ನ ಹೆಸರೇ ಹಾಕಮ್ಮ, ನಂದ್ಯಾಕೆ" ಎಂದೆ. ದಿವ್ಯಾ ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಮತ್ತೆ ಬಚ್ಚಿಡ್ತಾ ಇದೀರಾ ಆಂಟಿ?" ಎಂದಳು. ಶ್ರೀಕಂಠಯ್ಯನವರ ಕಥೆ ಅವಳಿಗೆ ನಾನೇ ಹೇಳಿದ್ದೆ. ಈಮೇಲ್ ಇಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಎರಡು ನಿಮಿಷದಲ್ಲಿ ಒಂದು ಮಾಡಿಕೊಟ್ಟಳು. ಲೋಕದ ಎಷ್ಟೋ ಯಂತ್ರಗಳು ನಡೆಯುವ ಆ ಬರಹದ ಚರಿತ್ರೆಯಲ್ಲಿ, ಒಂದು ಸಾಲಿನ ಪಕ್ಕ, ದೋಷ ತಿಳಿಸಿದವರು ನಂಜಮ್ಮ ಎಂದು ಇಂಗ್ಲಿಷಿನಲ್ಲಿ ಇದೆ. ತನ್ಮಯ, ನೀನು ಹುಡುಕಬಹುದು. ಸಿಗದಿದ್ದರೆ ಅಕ್ಕನನ್ನು ಕೇಳು. ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ. ಆದರೆ ದಿವ್ಯಾ ಪ್ರಿಂಟ್ ತೆಗೆದುಕೊಟ್ಟ ಆ ಹಾಳೆ ನನ್ನ ಟ್ರಂಕಿನಲ್ಲಿ, ತಾತನ ಫೋಟೋ ಕೆಳಗಿದೆ. ಆಗಾಗ ತೆಗೆದು ನೋಡುತ್ತೇನೆ.

ನಾನು ನಿವೃತ್ತಳಾದ ದಿನ ಶಾಲು, ಹಾರ, ಮೈಸೂರುಪಾಕು ಎಲ್ಲ ಆಯಿತು. ಗೋಡೆಯ ಸ್ವಿಚ್ಚಿನ ಮೇಲೆ "ಆರಿಸಬೇಡಿ" ಹಾಳೆ ಇನ್ನೂ ಇತ್ತು, ಯಾರೋ ಪ್ಲಾಸ್ಟಿಕ್ ಹಾಕಿಸಿದ್ದರು. ಹೊರಡುವ ಹೊತ್ತಿಗೆ ಬಸವರಾಜು ಓಡಿಬಂದ. ಈಗ ಅವನ ಕೈಕೆಳಗೆ ಆರು ಜನ ಇದ್ದಾರೆ, ತಲೆಯಲ್ಲಿ ಒಂದೆರಡು ಬಿಳಿಕೂದಲು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ನಿಮ್ಮ ತಾತನ ಹೆಸರು ಕೊರೆಸಿದ್ದು ಕಂಡು ಗುರುತು ಹಿಡಿದೆ. ಕಳೆದುಹೋಯಿತು ಎಂದುಕೊಂಡಿದ್ದೆ.

"ಅಕ್ಕಾರ, ನಿಮ್ಮ ಮದಿವಿ ಕತಿ ಕೇಳೇನ್ರಿ. ನನ್ನ ನೌಕರಿ ಮದಿವಿ ನಿಂದರಲಿಲ್ರಿ, ನಿಂದರೂದ್ರಾಗಿಂದ ಉಳೀತು. ಆದ್ರ ಪಾತ್ರಿ ಮಾತ್ರ ನಮ್ಮ ಮನ್ಯಾಗ ಉಳಕೊಂಡಿತ್ತು ನೋಡ್ರಿ. ದಿವ್ಯಾ ಮೇಡಮ್ಮಾರು ಲೀಕು ಲೀಕು ಅಂತ ಬೈದ್ರು."

"ಇಷ್ಟು ವರ್ಷ ಏನ್ ಮಾಡಿದ್ಯಪ್ಪಾ ಇದನ್ನ?"

"ನನ್ನ ಮಗಳು ಸಾಲಿಗೆ ಒಯ್ತಾಳ್ರಿ. ಖಾಲಿ ಹೆಂಗ ಕೊಡೂದು ಅಂತ ನಮ್ಮಾಕಿ ಶೇಂಗಾ ಹೋಳಿಗಿ ಹಾಕ್ಯಾಳ."

ಹೋಳಿಗೆಯನ್ನು ಬಸ್ಸಿನಲ್ಲೇ ಒಂದು ತಿಂದೆ. ಅಳು ಬಂತು, ಅಕ್ಕಪಕ್ಕದವರು ನೋಡಿದರು. ಅವತ್ತೊಂದು ದಿನ ನಾಚಿಕೆಯಾಗಲಿಲ್ಲ.

ಸಿಂಚನಾ, ನಿನ್ನ ಹೊಸ ಕೆಲಸದ ಬ್ಯಾಗಿನಲ್ಲಿ ಆ ಡಬ್ಬಿ ಇಟ್ಟಿದ್ದೇನೆ. ಊಟ ಯಾರಿಗಾದರೂ ಕೊಡಬೇಕಾಗಿ ಬಂದರೆ ಕೊಡು. ಡಬ್ಬಿ ವಾಪಸ್ ತಾ. ಅವತ್ತು ಏನೇ ಕೆಟ್ಟು ನಿಂತಿರಲಿ, ವಾಪಸ್ ತಾ.